900 ಡಾಲರಿನ ಸದ್ದು

ಅಮೆರಿಕದ ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಪಕ್ಕ ಕೂತಿದ್ದ ಹುಡುಗ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ, "ಅಣ್ಣಾ, ಗಾಡಿಗೆ ಯಾವ ಎಕ್ಸಾಸ್ಟ್ ಪೈಪು ಹಾಕಿಸಲಿ?" ಹಿಂದಿನ ವಾರವಷ್ಟೇ ಹಳೇ ಸಯಾನ್ ಎಫ್‌ಆರ್-ಎಸ್ ಅನ್ನುವ ಸ್ಪೋರ್ಟ್ಸ್ ಕಾರು ಕೊಂಡಿದ್ದ. 2013ರ ಮಾಡೆಲ್, ಮ್ಯಾನುಯಲ್ ಗೇರ್. ಟೊಯೊಟಾ 86, ಸುಬಾರು ಬಿಆರ್‌ಝಡ್ ಅಂತ ಬೇರೆ ಬೇರೆ ಹೆಸರಲ್ಲಿ ಬಂದದ್ದೂ ಇದೇ ಗಾಡಿ. ಇಂಡಿಯಾದ ಶೋರೂಮಿಗೆ ಇದು ಬರಲೇ ಇಲ್ಲ. ಕೈಯಲ್ಲಿ 1500 ಡಾಲರ್ ಇದೆ, ಟರ್ಬೊ ಹಾಕಿಸುವಷ್ಟು ದುಡ್ಡಿಲ್ಲ, ಆದರೆ ಪವರ್ ಬೇಕು. ಇದು ಅವನ ಸಮಸ್ಯೆ.

ನನ್ನ ಹತ್ತಿರವೂ ಅದೇ ಗಾಡಿ ಆರು ವರ್ಷದಿಂದ ಇದೆ. ಅವನು ಮಾಡಬೇಕೆಂದಿರುವ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ. ಎಲೆ ಮುಂದೆ ಕೂತು ಹೇಳಿ ಮುಗಿಸುವ ಮಾತಲ್ಲ, ಬರೆದು ಹಾಕ್ತೀನಿ ಅಂದಿದ್ದೆ. ಹಾಗಾಗಿ ಇದು.

ಮೊದಲು ಅರಸೀಕೆರೆಗೆ ಹೋಗಿ ಬರೋಣ. ನಮ್ಮ ಮಾವನ ಹತ್ತಿರ ಯಮಹಾ ಆರ್‌ಎಕ್ಸ್ 100 ಇತ್ತು. 98 ಸಿಸಿ, 11 ಹಾರ್ಸ್‌ಪವರ್, ತೂಕ ನೂರು ಕೆಜಿಗಿಂತ ಸ್ವಲ್ಪ ಜಾಸ್ತಿ. ಓಡಿಸಿದವರಿಗೆ ಗೊತ್ತು, ಅದು ಹೇಗೆ ಎಗರುತ್ತಿತ್ತು ಅಂತ. ಮಾವ ಊರಲ್ಲಿಲ್ಲದ ಒಂದು ವಾರ ನಾನೂ ನನ್ನ ಇಬ್ಬರು ಗೆಳೆಯರೂ ಸೇರಿ ಸೈಲೆನ್ಸರಿನ ಒಳಗಿದ್ದದ್ದನ್ನು ಕಿತ್ತೆವು. ಅಷ್ಟಕ್ಕೇ ಸುಮ್ಮನಾಗದೆ ಹಿಂದಿನ ತುದಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕೊಯ್ಸಿದೆವು. ಸದ್ದು ಅಂದರೆ ಸದ್ದು! ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ನಾವು ಆ ಸದ್ದನ್ನೇ ಸ್ಪೀಡು ಅಂದುಕೊಂಡೆವು. ಮಾಲೇಕಲ್ ತಿರುಪತಿ ಕಡೆ ಹೊರಟಾಗ ಗುಟ್ಟು ರಟ್ಟಾಯಿತು. ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಏರು, ಈಗ ಎರಡನೇ ಗೇರು ಹಾಕಿದರೂ ಏದುಸಿರು.

ಮಾವನ ಮೆಕ್ಯಾನಿಕ್ ಅದನ್ನು ನೋಡಿ ತಲೆ ಚಚ್ಚಿಕೊಂಡ. "ಇದನ್ನ ಬರೀ ಹೊಗೆ ಕೊಳವೆ ಅನ್ಕೊಂಡ್ರಾ?" ಅಂದ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸದಾಗಿ ಒಳಬಂದ ಪೆಟ್ರೋಲು-ಗಾಳಿ ಸ್ವಲ್ಪ ಹೊಗೆಯ ಜೊತೆ ಸೈಲೆನ್ಸರಿಗೇ ನುಗ್ಗಿಬಿಡುತ್ತದೆ. ಸೈಲೆನ್ಸರಿನ ಹೊಟ್ಟೆ ಅಗಲ, ತುದಿ ಸಣ್ಣ. ಆ ಸಣ್ಣ ತುದಿಗೆ ಬಡಿದು ವಾಪಸ್ ಬರುವ ಒತ್ತಡದ ಅಲೆ, ತಪ್ಪಿಸಿಕೊಂಡದ್ದನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ನಾವು ಕೊಯ್ದದ್ದು ಅದನ್ನೇ. ಪೈಪು ಎಷ್ಟು ದಪ್ಪ, ಎಷ್ಟು ಖಾಲಿ ಅನ್ನುವುದಕ್ಕಿಂತ ಎಷ್ಟು ಉದ್ದ, ಯಾವ ಆಕಾರ ಅನ್ನುವುದು ಮುಖ್ಯ. ಈ ಪಾಠ ಹದಿನೇಳನೇ ವಯಸ್ಸಿಗೇ ಪುಕ್ಕಟೆಯಾಗಿ ಸಿಕ್ಕಿತ್ತು. ಮೂವತ್ತೈದು ದಾಟಿದ ಮೇಲೆ 900 ಡಾಲರ್ ಕೊಟ್ಟು ಮತ್ತೊಮ್ಮೆ ಕಲಿತೆ.

ಈಗ ನಮ್ಮ ಗಾಡಿಗೆ ಬರೋಣ. ಟರ್ಬೊ ಇಲ್ಲದ ಇಂಜಿನ್ನಿಗೆ ಗಾಳಿ ತಳ್ಳಿಕೊಡುವವರು ಯಾರೂ ಇಲ್ಲ. ಸುತ್ತಲಿನ ವಾತಾವರಣದ ಒತ್ತಡ ಎಷ್ಟಿದೆಯೋ ಅಷ್ಟೇ. ಬೆಂಗಳೂರಿನಲ್ಲಿ ಟರ್ಬೊ ಇರುವ ಪೋಲೋ ಜಿಟಿ ಇಟ್ಟುಕೊಂಡವರು ರೀಮ್ಯಾಪ್ ಮಾಡಿಸಿ, ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸಿ, ಮಧ್ಯಾಹ್ನದೊಳಗೆ ಮನೆಗೆ ಬರುತ್ತಾರೆ, ಗಾಡಿ ಬೇರೆಯದೇ ಆಗಿರುತ್ತದೆ. ಅಲ್ಲಿ ಟರ್ಬೊಗೆ "ಇನ್ನೂ ಸ್ವಲ್ಪ ಊದು" ಅಂತ ಹೇಳಿದರೆ ಸಾಕು. ನಮಗೆ ಆ ಭಾಗ್ಯ ಇಲ್ಲ. ಅದರ ಮೇಲೆ ಈ ಇಂಜಿನ್ 2 ಲೀಟರಿಗೆ 200 ಹಾರ್ಸ್‌ಪವರ್ ಕೊಡುತ್ತದೆ, ಅಂದರೆ ಲೀಟರಿಗೆ ನೂರು. ಕಂಪ್ರೆಷನ್, ಅಂದರೆ ಒಳಗೆ ಬಂದ ಗಾಳಿಯನ್ನು ಹಿಂಡುವ ಪ್ರಮಾಣ, 12.5ಕ್ಕೆ 1. ಕಂಪನಿಯವರೇ ಹಿಂಡಿ ಹಿಪ್ಪೆ ಮಾಡಿ ಕೊಟ್ಟಿರುವ ಕಬ್ಬು ಇದು. ಮತ್ತೆ ಗಾಣಕ್ಕೆ ಹಾಕಿದರೆ ಎಷ್ಟು ರಸ ಬಂದೀತು?

ಇದೇ ಗಾಡಿ ಬೆಂಗಳೂರಿನಲ್ಲಿದ್ದರೆ ಇನ್ನೂ ಕಷ್ಟ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ ಹತ್ತು ಕಡಿಮೆ, ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ನಾನಿರುವ ಮಿನೆಸೋಟದಲ್ಲಿ ಉಲ್ಟಾ. ಮೈನಸ್ 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ನೂರಕ್ಕೆ ಹದಿನೈದರಷ್ಟು ದಟ್ಟ. ದೇವರೇ ಪುಕ್ಕಟೆ ಪವರ್ ಕೊಡುತ್ತಾನೆ. ಆದರೆ ಆಗ ರಸ್ತೆ ತುಂಬಾ ಹಿಮ, ಅದನ್ನು ಕರಗಿಸಲು ಸುರಿದ ಉಪ್ಪು. ಗಾಡಿ ಬೆಡ್‌ಶೀಟ್ ಹೊದ್ದು ಗ್ಯಾರೇಜಿನಲ್ಲಿ ಮಲಗಿರುತ್ತದೆ.

ಇರಲಿ. ನಾನು ಮೊದಲು ಕೊಂಡದ್ದು ಕ್ಯಾಟ್‌ಬ್ಯಾಕ್ ಎಕ್ಸಾಸ್ಟ್. ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ (ಕ್ಯಾಟ್) ಹಿಂದಿನಿಂದ ಶುರುವಾಗಿ ಬಂಪರ್‌ವರೆಗಿನ ಪೈಪು, ಮಫ್ಲರ್ (ಸೈಲೆನ್ಸರ್), ಕೊನೆಗೆ ಹೊಳೆಯುವ ಎರಡು ಬಾಯಿ. 900 ಡಾಲರ್. ಹಾಕಿದ ದಿನ ಗಾಡಿ ಹುಲಿ ಆಗಿಬಿಟ್ಟಿತು ಅಂತ ಹೆಂಡತಿಗೆ ಫೋನ್ ಮಾಡಿದ್ದೆ. ಎರಡು ವಾರ ಬಿಟ್ಟು ಡೈನೋ, ಅಂದರೆ ಚಕ್ರ ಉರುಳಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ ಹತ್ತಿಸಿದೆ. ಗಾಡಿ ಕೊಂಡ ಹೊಸದರಲ್ಲಿ ಅದೇ ಡೈನೋದಲ್ಲಿ ಚಕ್ರಕ್ಕೆ ಸಿಗುತ್ತಿದ್ದ ಶಕ್ತಿ 166 ಅಂತ ಬಂದಿತ್ತು. (200 ಅನ್ನುವುದು ಇಂಜಿನ್ನಿನ ಲೆಕ್ಕ, ಗೇರ್‌ಬಾಕ್ಸು ಡಿಫರೆನ್ಷಿಯಲ್ಲು ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ ಉಳಿಯುವುದು ಇಷ್ಟೇ.) ಈ ಸಲ 168. ಅದೇ ಗಾಡಿಯನ್ನು ಇಳಿಸದೆ ಮತ್ತೊಮ್ಮೆ ಓಡಿಸಿದರೆ ಎರಡು ಆಚೀಚೆ ಆಗುತ್ತದೆ, ಬೇಜಾರು ಮಾಡ್ಕೋಬೇಡ ಅಂತ ಡೈನೋದವನೇ ಸಮಾಧಾನ ಹೇಳಿದ. ಆ ಎರಡನ್ನು ಲಾಭ ಅಂತಲೇ ಹಿಡಿಯೋಣ. ಒಂದೊಂದು ಹಾರ್ಸ್‌ಪವರಿಗೆ 450 ಡಾಲರ್.

ಹಾಗಾದರೆ ರಸ ಎಲ್ಲಿ ಉಳಿದಿದೆ? ಈ ಗಾಡಿ ಓಡಿಸಿದವರೆಲ್ಲ ಒಂದು ಮಾತು ಹೇಳುತ್ತಾರೆ: 3,500ರಿಂದ 4,500 ಆರ್‌ಪಿಎಂ ನಡುವೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಗುತ್ತದೆ. ಗ್ರಾಫ್ ನೋಡಿದರೆ ಟಾರ್ಕ್ (ಇಂಜಿನ್ನಿನ ಎಳೆತ) ಗೆರೆ ಅಲ್ಲಿ ಕೆರೆ ಅಂಗಳದ ಹಾಗೆ ತಗ್ಗಿರುತ್ತದೆ. ಆ ಗುಂಡಿಗೆ ಒಂದು ಮುಖ್ಯ ಕಾರಣ ಇಂಜಿನ್ನಿನಿಂದ ಹೊಗೆ ಹೊರಬಂದ ತಕ್ಷಣದ ಪೈಪುಗಳು, ಅಂದರೆ ಹೆಡರ್. ನಾಲ್ಕು ಸಿಲಿಂಡರಿನ ಪೈಪುಗಳು ಎಷ್ಟು ಉದ್ದ ಹೋಗಿ ಎಲ್ಲಿ ಕೂಡುತ್ತವೆ ಅನ್ನುವುದರ ಮೇಲೆ ಒತ್ತಡದ ಅಲೆ ಯಾವಾಗ ವಾಪಸ್ ಬರುತ್ತದೆ ಅನ್ನುವುದು ನಿಂತಿದೆ. ಸರಿಯಾದ ಹೊತ್ತಿಗೆ ಬಂದರೆ ಹಳೇ ಹೊಗೆಯನ್ನು ಎಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ತಪ್ಪು ಹೊತ್ತಿಗೆ ಬಂದರೆ ಹೊಗೆಯನ್ನೇ ಒಳಗೆ ತಳ್ಳುತ್ತದೆ. ಅರಸೀಕೆರೆಯ ಮೆಕ್ಯಾನಿಕ್ ಹೇಳಿದ್ದೂ ಇದನ್ನೇ ಅಲ್ವಾ? ನಾನು ದುಡ್ಡು ಸುರಿದದ್ದು ಪೈಪಿನ ಬಾಲಕ್ಕೆ, ಕೆಲಸ ಇದ್ದದ್ದು ತಲೆಯ ಹತ್ತಿರ.

ಹೆಡರ್ 620 ಡಾಲರಿಗೆ ಸಿಕ್ಕಿತು, ಕ್ಯಾಟ್ ಒಳಗೇ ಇರುವಂಥದ್ದು. ಕ್ಯಾಟ್ ಇಲ್ಲದ್ದು ಇನ್ನೂ ನಾಲ್ಕೈದು ಹಾರ್ಸ್‌ಪವರ್ ಜಾಸ್ತಿ ಕೊಡುತ್ತದೆ ಅಂತ ಆಸೆ ತೋರಿಸುವವರಿದ್ದಾರೆ. ಕೇಳಬೇಡ. ರಸ್ತೆಗಿಳಿಯುವ ಗಾಡಿಯಿಂದ ಕ್ಯಾಟ್ ತೆಗೆಯುವುದು ಇಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ. ಅದೂ ಅಲ್ಲದೆ ಸಿಗ್ನಲ್ಲಿನಲ್ಲಿ ಗಾಜು ಇಳಿಸಿ ಕೂತರೆ ಆ ವಾಸನೆಗೆ ನಿನಗೇ ತಲೆನೋವು ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರು ಇನ್ನೂ ಹುಷಾರಾಗಿರಬೇಕು, ಅಲ್ಲಿ ರಾಜ್ಯದ ಒಪ್ಪಿಗೆ ನಂಬರ್ ಇರುವ ಪಾರ್ಟ್ಸೇ ಬೇಕು.

ನಾನೇ ಹಾಕ್ತೀನಿ ಅಂತ ಹೊರಟೆ. ಸಿಲಿಂಡರುಗಳು ಅಡ್ಡ ಮಲಗಿರುವ ಬಾಕ್ಸರ್ ಇಂಜಿನ್ನು, ಹೆಡರ್ ಕೆಳಗಡೆಯೇ ಇರುತ್ತದೆ, ಗಾಡಿ ಎತ್ತಿ ನಿಲ್ಲಿಸಿದರೆ ಕೈಗೆ ಸಿಗುತ್ತದೆ, ಮೂರು ಗಂಟೆ ಕೆಲಸ. ಆದರೆ ನಮ್ಮದು ರಸ್ತೆಗೆ ಉಪ್ಪು ಸುರಿಯುವ ಊರಿನ ಗಾಡಿ. ಒಂದು ನಟ್ಟು ತುಕ್ಕು ಹಿಡಿದು ನಟ್ಟೋ ಬೆಲ್ಲದ ಉಂಡೆಯೋ ಗೊತ್ತಾಗದ ಹಾಗೆ ಆಗಿತ್ತು. ಶುಕ್ರವಾರ ರಾತ್ರಿ ಎಣ್ಣೆ ಸಿಂಪಡಿಸಿ ಮಲಗಿದೆ. ಶನಿವಾರ ಮತ್ತೆ ಸಿಂಪಡಿಸಿ, ಟಾರ್ಚಿನಿಂದ ಕಾಯಿಸಿ, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಒದ್ದೆ. ಕಿರ್ ಅಂತ ಒಂದು ಸದ್ದು ಬಂತು. ನಟ್ಟು ತಿರುಗಿತೋ ಬೋಲ್ಟು ಮುರಿಯಿತೋ ತಿಳಿಯದೆ ಎರಡು ನಿಮಿಷ ಹಾಗೇ ಅಂಗಾತ ಮಲಗಿದ್ದೆ. ನಟ್ಟೇ ತಿರುಗಿತ್ತು. ಆ ಕಿರ್ ಸದ್ದಿನಷ್ಟು ಇಂಪಾದ ಸದ್ದನ್ನು ಆ 900 ಡಾಲರಿನ ಮಫ್ಲರ್ ಒಂದು ದಿನವೂ ಮಾಡಿಲ್ಲ.

ಹೆಡರ್ ಒಂದನ್ನೇ ಹಾಕಿ ಬಿಟ್ಟರೆ ಅರ್ಧ ಕೆಲಸ. ಕಂಪ್ಯೂಟರಿಗೆ ಹೊಸ ಪೈಪಿನ ಸುದ್ದಿ ಗೊತ್ತಾಗಬೇಕಲ್ಲ. ಆ ಕಂಪ್ಯೂಟರಿಗೆ (ಇಸಿಯು) ಹೊಸ ಟ್ಯೂನ್ ಬರೆಯುವ ಸಾಧನಕ್ಕೆ 450 ಡಾಲರ್, ಟ್ಯೂನರಿಗೆ 350. ಅವನು ಬೇರೆ ರಾಜ್ಯದಲ್ಲಿದ್ದಾನೆ, ಮುಖ ನೋಡಿಲ್ಲ. ಡೈನೋ ಮೇಲೆ ಮೂರನೇ ಗೇರಿನಲ್ಲಿ ಇಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂವರೆಗೆ ಎಳೆದು, ಆ ಲಾಗ್ ಫೈಲನ್ನು ಮೇಲ್ ಮಾಡಿದರೆ, ತಿದ್ದಿದ ಮ್ಯಾಪ್ ವಾಪಸ್ ಕಳಿಸುತ್ತಾನೆ. ಐದು ಸಲ ಹೋಗಿ ಬಂತು. ಪ್ರೀಮಿಯಂ ಪೆಟ್ರೋಲಿನಲ್ಲೇ 183 ಮುಟ್ಟಿತು, ಗುಂಡಿ ಬಹುಪಾಲು ತುಂಬಿತು.

ಆಮೇಲೆ ಇ85, ಅಂದರೆ ಪೆಟ್ರೋಲಿಗಿಂತ ಎಥೆನಾಲೇ ಜಾಸ್ತಿ ಇರುವ ಇಂಧನ. ಇಲ್ಲೇ ಇರುವುದು ನಿಜವಾದ ಮಜಾ. ಈ ರಾಜ್ಯದ ತುಂಬಾ ಮುಸುಕಿನ ಜೋಳದ ಹೊಲ, ಅದರಿಂದ ಎಥೆನಾಲ್, ಹಾಗಾಗಿ ಬಂಕು ಬಂಕಿನಲ್ಲೂ ಅಲ್ಲದಿದ್ದರೂ ಕೈಗೆಟಕುವಷ್ಟು ಕಡೆ ಇ85 ಸಿಗುತ್ತದೆ. ಕಂಪ್ರೆಷನ್ ಜಾಸ್ತಿ ಇರುವ ಇಂಜಿನ್ನನ್ನು ತಡೆದು ನಿಲ್ಲಿಸುವುದು ನಾಕಿಂಗ್, ಅಂದರೆ ಇಂಧನ ಸಿಲಿಂಡರಿನಲ್ಲಿ ತಾನಾಗಿಯೇ ಸಿಡಿಯುವುದು. ಹಳೇ ಅಂಬಾಸಡರ್ ಶಿರಾಡಿ ಘಾಟಿ ಹತ್ತುವಾಗ ಟಣ್ ಟಣ್ ಅನ್ನುತ್ತಿತ್ತಲ್ಲ, ಅದೇ. ಎಥೆನಾಲ್ ಸುಲಭಕ್ಕೆ ನಾಕ್ ಆಗುವುದಿಲ್ಲ. ಆವಿಯಾಗುವಾಗ ಸುತ್ತಲಿನ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ಹಾಗಾಗಿ ಟ್ಯೂನರ್ ಕಿಡಿಯನ್ನು ಇನ್ನಷ್ಟು ಮುಂಚೆ ಹೊತ್ತಿಸಬಹುದು. 201 ಬಂತು, ಚಕ್ರದಲ್ಲಿ. ಹೆಡರ್, ಸಾಧನ, ಟ್ಯೂನರ್ ಎಲ್ಲಾ ಸೇರಿ 1420 ಡಾಲರಿಗೆ 33 ಹಾರ್ಸ್‌ಪವರ್. ಒಂದಕ್ಕೆ 43 ಡಾಲರ್. ಡೈನೋಗೆ ಕೊಟ್ಟ ಗಂಟೆ ಬಾಡಿಗೆ ಬೇರೆ, ಅದನ್ನು ಮನೆಯಲ್ಲಿ ಹೇಳಿಲ್ಲ.

ಪುಕ್ಕಟೆ ಏನೂ ಅಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ನನ್ನ ಮೈಲೇಜು 12ರಿಂದ 9ಕ್ಕೆ ಇಳಿಯಿತು. ಇನ್ನೊಂದು ರಗಳೆ ಇದೆ. ಇ85 ಅಂತ ಬೋರ್ಡು ಹಾಕಿದ್ದರೂ ಒಳಗೆ 85 ಇರುವುದಿಲ್ಲ. 51ರಿಂದ 83ರವರೆಗೆ ಎಷ್ಟು ಬೇಕಾದರೂ ಇರಬಹುದು, ಚಳಿಗೆ ಇಂಜಿನ್ ಸ್ಟಾರ್ಟ್ ಆಗಲಿ ಅಂತ ಆಗ ಎಥೆನಾಲ್ ಕಡಿಮೆ ಮಾಡುತ್ತಾರೆ. ಅದಕ್ಕೇ ನನ್ನ ಡಿಕ್ಕಿಯಲ್ಲಿ ಗೆರೆ ಹಾಕಿದ ಒಂದು ಗಾಜಿನ ಕೊಳವೆ ಇರುತ್ತದೆ. ಕೆಳಗಿನ ಗೆರೆವರೆಗೆ ನೀರು, ಮೇಲಿನ ಗೆರೆವರೆಗೆ ಇಂಧನ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗುತ್ತದೆ. ಕೆಳಗಿನ ಪದರ ಎಲ್ಲಿವರೆಗೆ ಏರಿತು ಅಂತ ಓದಿದರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಏಪ್ರಿಲಿನಲ್ಲಿ 68 ಇತ್ತು, ಅದೇ ಬಂಕಿನಲ್ಲಿ ಆಗಸ್ಟಿನಲ್ಲಿ 82. 70ಕ್ಕಿಂತ ಕೆಳಗೆ ಬಂದರೆ ಜೋರಾಗಿ ಒತ್ತಬೇಡ ಅಂತ ಟ್ಯೂನರ್ ತಾಕೀತು ಮಾಡಿದ್ದಾನೆ. ಬಂಕಿನಲ್ಲಿ ಕೊಳವೆ ಎತ್ತಿ ಬೆಳಕಿಗೆ ಹಿಡಿದು ನೋಡುವ ನನ್ನನ್ನು ಜನ ರಕ್ತ ಪರೀಕ್ಷೆಯವನು ಅನ್ನುವ ಹಾಗೆ ನೋಡುತ್ತಾರೆ.

ಊರಲ್ಲಿ ಇ20 ಬಂದ ಮೇಲೆ ಎಲ್ಲರೂ ಎಥೆನಾಲನ್ನು ಬೈಯುವುದು ಕೇಳುತ್ತಿದ್ದೇನೆ. ಅವರ ಸಿಟ್ಟು ಸುಳ್ಳಲ್ಲ. ಕಂಪ್ರೆಷನ್ ಕಡಿಮೆ ಇರುವ, ಟ್ಯೂನ್ ಬದಲಾಗದ ಹಳೇ ಗಾಡಿಗೆ ಅದನ್ನು ಹಾಕಿದರೆ ಮೈಲೇಜು ಇಳಿಯುತ್ತದೆ, ಪ್ರತಿಫಲ ಏನೂ ಇಲ್ಲ. ಅದೇ ವಸ್ತು ನನಗೆ ವರ, ಯಾಕೆಂದರೆ ಇಂಜಿನ್ನನ್ನು ಅದಕ್ಕೆ ತಕ್ಕಂತೆ ತಿದ್ದಿಸಿದ್ದೇನೆ. ಊರಲ್ಲಿ ಇದನ್ನೆಲ್ಲ ಮಾಡೋಣ ಅಂದುಕೊಳ್ಳುವವರಿಗೆ ಒಂದು ಮಾತು: ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರ್ಯಾಕಿಗೆ ಮಾತ್ರ ಅನ್ನುವ ಗಾಡಿಯಾದರೆ ಬೇರೆ ಮಾತು.

ಇನ್ನು ಚಿಲ್ಲರೆ ವಿಷಯಗಳು. ಇಂಜಿನ್ನಿಗೆ ಗಾಳಿ ಎಳೆಯುವ ಕೋಲ್ಡ್ ಏರ್ ಇನ್‌ಟೇಕ್ ಬೇಡ, ಕಂಪನಿಯ ಡಬ್ಬಿಯೇ ಚೆನ್ನಾಗಿದೆ, ಒಳಗಿನ ಫಿಲ್ಟರ್ ಕ್ಲೀನ್ ಇದ್ದರೆ ಸಾಕು. ಮುಂದೆ ದುಡ್ಡು ಸೇರಿದರೆ ಡಿಫರೆನ್ಷಿಯಲ್ ನೋಡು. ನಿನ್ನ ಗಾಡಿಯ ಫೈನಲ್ ಡ್ರೈವ್ (ಡಿಫರೆನ್ಷಿಯಲ್ಲಿನ ಗೇರ್ ಅನುಪಾತ) 4.1, 2017ರಿಂದ ಬಂದ ಮ್ಯಾನುಯಲ್ ಗಾಡಿಗಳದ್ದು 4.3. ಗುಜರಿಯಲ್ಲಿ ಸಿಕ್ಕರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ನೂರಕ್ಕೆ ಐದು ಎಳೆತ ಜಾಸ್ತಿ, ಇಂಜಿನ್ ಮುಟ್ಟದೆ. ಹೆದ್ದಾರಿಯಲ್ಲಿ ಮಾತ್ರ ಆರ್‌ಪಿಎಂ ಸ್ವಲ್ಪ ಮೇಲಿರುತ್ತದೆ. ತೂಕ 1,250 ಕೆಜಿ. ಟ್ರ್ಯಾಕಿಗೆ ಹೋಗುವಾಗ ಡಿಕ್ಕಿಯ ಸಾಮಾನು, ಸ್ಟೆಪ್ನಿ ಇಳಿಸಿದರೆ ಅದೂ ಪವರೇ. ನನ್ನ ಡಿಕ್ಕಿಯಲ್ಲಿ ಒಂದು ವರ್ಷ ಹತ್ತು ಕೆಜಿಯ ಸೋನಾ ಮಸೂರಿ ಮೂಟೆ ಇತ್ತು ಅನ್ನುವುದು ಬೇರೆ ಕಥೆ.

ಟೈರ್ ವಿಷಯ ಹೇಳಿದರೆ ಹುಡುಗರಿಗೆ ಬೇಜಾರು. ಆದರೂ ಹೇಳ್ತೀನಿ. ಈ ಗಾಡಿ ಹೊಸದಾಗಿ ಬಂದಾಗ ಹಾಕಿದ್ದದ್ದು ಮೈಲೇಜಿಗೆ ಹೆಸರಾದ ಪ್ರಿಯಸ್ ಕಾರಿಗೂ ಕೊಡುತ್ತಿದ್ದಂಥ ಟೈರು. ಬೇಕಂತಲೇ ಜಾರಲಿ ಅಂತ. ನಾನು ಒಳ್ಳೆಯ ಬೇಸಿಗೆ ಟೈರು ಹಾಕಿಕೊಂಡು ಬ್ರೈನರ್ಡ್ ಟ್ರ್ಯಾಕಿಗೆ ಹೋದಾಗ, ಲ್ಯಾಪಿನಲ್ಲಿ ಉಳಿದ ಸೆಕೆಂಡುಗಳು ಆ 33 ಹಾರ್ಸ್‌ಪವರ್ ಉಳಿಸಿದ್ದಕ್ಕಿಂತ ಜಾಸ್ತಿ. ನೀನು ಕೇಳಿದ್ದು ಪವರ್ ಬಗ್ಗೆ, ಅದಕ್ಕೇ ಇದನ್ನು ಕೊನೆಗೆ ಇಟ್ಟೆ.

ಇದೇ ಗಾಡಿಯ ಹೊಸ ತಲೆಮಾರಾಗಿ 2022ರಿಂದ ಬಂದಿರುವ ಜಿಆರ್86ರಲ್ಲಿ 2.4 ಲೀಟರ್ ಇಂಜಿನ್, 228 ಹಾರ್ಸ್‌ಪವರ್, ಗುಂಡಿಯೂ ಹೆಚ್ಚುಕಡಿಮೆ ಇಲ್ಲ. ಅದನ್ನೇ ತಗೋಬಹುದಿತ್ತು ಅನ್ನುವವರು ಕಮೆಂಟಿನಲ್ಲಿ ಬಂದೇ ಬರುತ್ತೀರಿ. ಹೌದು, ದುಡ್ಡಿದ್ದರೆ ಅದೇ ಸರಿ.

ಅಂದಹಾಗೆ, ಹೆಡರ್ ಹಾಕಿದ ಮೇಲೆ ಆ ಕ್ಯಾಟ್‌ಬ್ಯಾಕ್ ಜೊತೆ ಹೆದ್ದಾರಿಯಲ್ಲಿ ಕಿವಿ ಕೇಳದಷ್ಟು ಸದ್ದು ಬರುತ್ತಿತ್ತು, ಕಂಪನಿಯ ಹಳೇ ಮಫ್ಲರನ್ನೇ ವಾಪಸ್ ಹಾಕಿದ್ದೇನೆ. ಪವರ್ ಒಂದೂ ಕಡಿಮೆಯಾಗಿಲ್ಲ. ಕ್ಯಾಟ್‌ಬ್ಯಾಕ್ ಗ್ಯಾರೇಜಿನ ಗೋಡೆಗೆ ಒರಗಿದೆ. 300 ಡಾಲರಿಗೆ ಕೊಡ್ತೀನಿ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಸದ್ದು ಮಾತ್ರ ಚೆನ್ನಾಗಿದೆ.