ಸೂರ್ಯನಿಗೆ ನೈಟ್ ಶಿಫ್ಟ್

ಊರಿಗೆಲ್ಲ ಕರೆಂಟ್ ಕೊಡುವ ಅಣು ವಿದ್ಯುತ್ ಸ್ಥಾವರಕ್ಕೇ ಕಷ್ಟಕಾಲದಲ್ಲಿ ಬೇರೆ ಕಡೆಯಿಂದ ಕರೆಂಟ್ ಬೇಕು. ದೀಪದ ಬುಡದಲ್ಲಿ ಕತ್ತಲೆ ಅಂದವರು ರಿಯಾಕ್ಟರ್ ನೋಡಿರಲಿಲ್ಲ. ಆದರೂ ಸರಿಯಾಗೇ ಹೇಳಿದ್ದಾರೆ.

ಸ್ವಿಚ್ ಒತ್ತಿದರೆ ಬಲ್ಬ್ ಆರುತ್ತದೆ. ರಿಯಾಕ್ಟರ್ ಅಷ್ಟು ಸುಲಭಕ್ಕೆ ಆರುವ ಪೈಕಿ ಅಲ್ಲ. ನಿಲ್ಲಿಸಿದ ಕ್ಷಣದಲ್ಲೂ ಮೊದಲಿನ ಶಾಖದ ಶೇ. 6ರಷ್ಟು ಒಳಗೆ ಹುಟ್ಟುತ್ತಲೇ ಇರುತ್ತದೆ. 3000 ಮೆಗಾವ್ಯಾಟ್ ಶಾಖದ ರಿಯಾಕ್ಟರ್ ಆದರೆ ಸುಮಾರು 180 ಮೆಗಾವ್ಯಾಟ್! ಬರಬರುತ್ತಾ ಇಳಿಯುತ್ತದೆ, ನಿಜ. ಅಲ್ಲಿಯವರೆಗೆ ಅದನ್ನು ತಣ್ಣಗಿಡಲು ಹಗಲು ರಾತ್ರಿ ನೀರು ಹರಿಸಬೇಕು, ಪಂಪ್ ಓಡಬೇಕು. ಗ್ರಿಡ್ ಕೈಕೊಟ್ಟರೆ ಡೀಸೆಲ್ ಜನರೇಟರ್ ಸೆಕೆಂಡುಗಳಲ್ಲಿ ಎದ್ದು ನಿಲ್ಲಬೇಕು.

ಈ ಡೀಸೆಲ್ ಹೊಗೆ ಯಾಕೆ, ಸೋಲಾರ್ ಹಾಕೋಣ ಅನ್ನುವ ಜಾಣರು ಈಗ ಹುಟ್ಟಿಕೊಂಡಿದ್ದಾರೆ. ಕೇಳೋಕೆ ಚೆಂದ, ಫೋಟೊದಲ್ಲಿ ಇನ್ನೂ ಚೆಂದ. ಪಂಪ್ ಓಡಿಸಲು 5 ಮೆಗಾವ್ಯಾಟ್ ಕರೆಂಟ್ ಬೇಕು ಅಂದುಕೊಳ್ಳಿ, ಅದಕ್ಕೆ ಹತ್ತಿರ ಹತ್ತಿರ 25 ಎಕರೆ ಪ್ಯಾನೆಲ್ ಹಾಸಿದರಾಯಿತು. ಆ 5 ಮೆಗಾವ್ಯಾಟ್ ಸಿಗುವುದು ನಡುಮಧ್ಯಾಹ್ನ, ಅದೂ ಮೋಡ ಇಲ್ಲದಿದ್ದರೆ.

ಅನಾಹುತ ಗಡಿಯಾರ ನೋಡಿಕೊಂಡು ಬರುತ್ತದಾ? ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರ ರಾತ್ರಿ 1 ಗಂಟೆ 23 ನಿಮಿಷಕ್ಕೆ. ಆಗ ನಡೆಯುತ್ತಿದ್ದ ಪರೀಕ್ಷೆಯೂ ಬ್ಯಾಕಪ್ಪಿನದೇ: ಡೀಸೆಲ್ ಜನರೇಟರ್ ಪೂರ್ತಿ ವೇಗಕ್ಕೆ ಬರುವವರೆಗೆ, ನಿಲ್ಲುತ್ತಿರುವ ಟರ್ಬೈನಿನ ಕೊನೆಯ ಸುತ್ತುಗಳಿಂದ ಪಂಪ್ ಓಡಿಸಬಹುದಾ ಅಂತ. ಒಂದು ನಿಮಿಷದ ಅಂತರಕ್ಕೆ ಅಷ್ಟು ತಲೆ ಕೆಡಿಸಿಕೊಂಡಿದ್ದರು. ನಮ್ಮ ಜಾಣರದು ಹನ್ನೆರಡು ಗಂಟೆಯ ಅಂತರ. ಸುಮ್ನೆ ನಿದ್ದೆ ಮಾಡಿದರಾಯಿತು.

ಜಪಾನಿನ ಫುಕುಶಿಮಾ ಸ್ಥಾವರದ ಅನಾಹುತ ಹಗಲಲ್ಲೇ ಆಯಿತಲ್ಲ ಅನ್ನುತ್ತೀರಾ? ಹೌದು. 2011ರ ಮಾರ್ಚ್ 11, ಭೂಕಂಪ ಮಧ್ಯಾಹ್ನ 2:46ಕ್ಕೆ. ಗಂಟೆಯೊಳಗೆ ಸುನಾಮಿ ನೆಲಮಾಳಿಗೆಗೆ ನುಗ್ಗಿ ಜನರೇಟರ್‌ಗಳನ್ನು ಮುಳುಗಿಸಿತು. ಅಂಗಳದಲ್ಲಿ ಪ್ಯಾನೆಲ್ ಇದ್ದಿದ್ದರೆ ಅವೂ ತೇಲಿಹೋಗುತ್ತಿದ್ದವು. ಸಂಜೆ ಆರರೊಳಗೆ ಸೂರ್ಯನೂ ಡ್ಯೂಟಿ ಮುಗಿಸಿ ಹೊರಟ. ಕತ್ತಲಾದ ಕಂಟ್ರೋಲ್ ರೂಮಿನಲ್ಲಿ ಟಾರ್ಚ್ ಹಿಡಿದವರು ಕೊನೆಗೆ ಮೊರೆಹೋದದ್ದು ಸಿಬ್ಬಂದಿಯ ಕಾರುಗಳಿಗೆ. ಬ್ಯಾಟರಿ ಬಿಚ್ಚಿ ತಂದು, ವೈರ್ ಜೋಡಿಸಿ, ರಿಯಾಕ್ಟರಿನ ಸ್ಥಿತಿ ತೋರಿಸುವ ಮೀಟರಿನ ಮುಳ್ಳು ಅಲುಗುತ್ತದಾ ಅಂತ ನೋಡುತ್ತ ಕೂತರು.

‘ಸೋಲಾರ್ ಜೊತೆ ಬ್ಯಾಟರಿ ಇಡ್ತೀವಲ್ಲ!’ ಇಡಿ ಸ್ವಾಮಿ. ಆಗ ಬ್ಯಾಕಪ್ ಅಂದರೆ ಬ್ಯಾಟರಿ. ಪ್ಯಾನೆಲ್ ಬರೀ ಚಾರ್ಜರ್. ಮದುವೆಯಲ್ಲಿ ಅಡುಗೆಯವನನ್ನು ಬಿಟ್ಟು ಬಾಳೆಲೆಗೆ ಸನ್ಮಾನ ಮಾಡಿದ ಹಾಗಾಯಿತು, ಅಲ್ವಾ? ಮೀಟರು, ದೀಪಗಳ ಬ್ಯಾಟರಿಗೆ ನಾಲ್ಕು ಪ್ಯಾನೆಲ್ ಅಂದಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಅಷ್ಟು ಚಿಕ್ಕದಕ್ಕೆ ರಿಬ್ಬನ್ ಕತ್ತರಿಸಲು ಯಾರು ಬರುತ್ತಾರೆ?

ಯೋಜನೆ ಪಾಸಾದರೆ ಗೇಟಿಗೆ ಹಾಕಲು ಬೋರ್ಡ್ ನಾನೇ ಬರೆದಿಟ್ಟಿದ್ದೇನೆ: ‘ಅಪಘಾತದ ಸಮಯ: ಬೆಳಿಗ್ಗೆ 10ರಿಂದ ಮಧ್ಯಾಹ್ನ 3. ಮೊದಲು ಪ್ಯಾನೆಲ್ ಧೂಳು ಒರೆಸತಕ್ಕದ್ದು. ಮಳೆಗಾಲದಲ್ಲಿ ರಜೆ.’