ರಕ್ತನಾಳ ಕಲಿಸುವ ಮ್ಯಾಕ್ಸಿಮಾ-ಮಿನಿಮಾ

ನಾನು ಇಂಜಿನಿಯರಿಂಗ್ ಓದಿದ್ದು ಕರ್ನಾಟಕದಲ್ಲಿ, ಈಗ ಪಾಠ ಮಾಡುವುದು ಹೊರದೇಶದಲ್ಲಿ. ನಮ್ಮ ಕಡೆ ಎಂ-ಒನ್, ಎಂ-ಟು ಅಂತ ಗಣಿತ ಮೊದಲು ಮುಗಿಸಿ, ದೊಡ್ಡ ಪ್ರಾಜೆಕ್ಟನ್ನು ಕೊನೇ ವರ್ಷಕ್ಕೆ ಇಡುತ್ತಾರೆ. ಅಷ್ಟರಲ್ಲಿ ಡಿಫರೆನ್ಷಿಯೇಷನ್ ಯಾಕೆ ಕಲಿತದ್ದು ಅಂತಲೇ ಮರೆತಿರುತ್ತದೆ. ಇಲ್ಲಿ ಗಣಿತದ ಜೊತೆಗೇ, ಪ್ರಕೃತಿಯಲ್ಲಿ ಕಂಡದ್ದೊಂದನ್ನು ಹಿಡಿದು ಏನಾದರೂ ಡಿಸೈನ್ ಮಾಡಿ ಅನ್ನುತ್ತೇವೆ. ನನಗೆ ಇದೇ ಸರಿ ಅನಿಸುತ್ತದೆ.

ರಕ್ತನಾಳದ ಕವಲನ್ನೇ ನೋಡಿ. ಅದನ್ನು ಮಾದರಿಯಾಗಿಟ್ಟು ಕೊಡುವ ಕೆಲಸ ಇದು. ಬಿಸಿಯಾಗುವ ಲೋಹದ ತಟ್ಟೆಯೊಂದನ್ನು ತಣ್ಣಗಿಡಲು ಒಳಗೆ ನೀರಿನ ಕೊಳವೆ ಹಾಯಿಸಬೇಕು. ಮುಖ್ಯ ಕೊಳವೆಯ ತ್ರಿಜ್ಯ 5 ಮಿ.ಮೀ. ಅದು ಸಮನಾದ ಎರಡು ಕವಲಾದರೆ ಒಂದೊಂದರ ತ್ರಿಜ್ಯ ಎಷ್ಟಿರಬೇಕು? ಥಟ್ಟಂತ 2.5 ಅನ್ನುವವರೇ ಜಾಸ್ತಿ. ಸ್ವಲ್ಪ ಯೋಚಿಸುವವರು ವಿಸ್ತೀರ್ಣ ಸರಿದೂಗಿಸಿ 3.5 ಅನ್ನುತ್ತಾರೆ. ಪಂಪ್ ಹಾಕಿ ನೋಡಿದರೆ 2.5ರ ಕೊಳವೆಯಲ್ಲಿ ನೀರು ಮುಂದಕ್ಕೇ ಹೋಗಲ್ಲ ಅನ್ನುತ್ತದೆ. ಸುಳಿಯಿಲ್ಲದೆ ಹರಿಯುವ ನೀರಿಗೆ, ತ್ರಿಜ್ಯ ಅರ್ಧವಾದರೆ ಅಡ್ಡಿ 16 ಪಟ್ಟು, ಎರಡು ಕವಲು ಹಂಚಿಕೊಂಡರೂ 8 ಪಟ್ಟು. ಹಾಗಾದ್ರೆ ದಪ್ಪ ಕೊಳವೆಯನ್ನೇ ಹಾಕೋಣ ಅಂದರೆ ಅದು ತಟ್ಟೆಯಲ್ಲಿ ಜಾಗ ತಿನ್ನುತ್ತದೆ. ದೇಹದಲ್ಲಾದರೆ ಅಷ್ಟು ರಕ್ತವನ್ನೂ ಸಾಕಬೇಕಲ್ವಾ, ಆ ಖರ್ಚು ತ್ರಿಜ್ಯದ ವರ್ಗದಂತೆ ಏರುತ್ತದೆ. ತಳ್ಳುವ ಖರ್ಚು, ಸಾಕುವ ಖರ್ಚು ಎರಡನ್ನೂ ಕೂಡಿಸಿ, ಡಿಫರೆನ್ಷಿಯೇಟ್ ಮಾಡಿ, ಸೊನ್ನೆಗೆ ಸಮ ಮಾಡಿ. ಹರಿವು ತ್ರಿಜ್ಯದ ಘನಕ್ಕೆ ತಕ್ಕಂತೆ ಇರಬೇಕು ಅಂತ ಬರುತ್ತದೆ. ಶರೀರಶಾಸ್ತ್ರಜ್ಞ ಸೆಸಿಲ್ ಮರ್ರೆ 1926ರಲ್ಲಿ ತೋರಿಸಿದ್ದು ಇದನ್ನೇ. ಒಂದೊಂದು ಕವಲಲ್ಲಿ ಹರಿವು ಅರ್ಧ, ಹಾಗಾಗಿ ತ್ರಿಜ್ಯದ ಘನವೂ ಅರ್ಧ, ಉತ್ತರ ಸುಮಾರು 4 ಮಿ.ಮೀ. ಪಾಸಾದ್ರೆ ಸಾಕು ಅಂತ ಬಾಯಿಪಾಠ ಮಾಡಿದ, ಗರಿಷ್ಠ-ಕನಿಷ್ಠ ಹುಡುಕುವ ಅದೇ ಮ್ಯಾಕ್ಸಿಮಾ-ಮಿನಿಮಾ!

ಆದರೆ ಪ್ರಕೃತಿಯ ಹೆಸರಲ್ಲಿ ಸುಮ್ನೆ ಚಿತ್ರ ಅಂಟಿಸುವುದೂ ನಡೆಯುತ್ತದೆ, ಇಲ್ಲೂ ಅಲ್ಲೂ. ಜಪಾನಿನ 500 ಸರಣಿಯ ಬುಲೆಟ್ ರೈಲಿನ ಮೂತಿಗೆ ಮಿಂಚುಳ್ಳಿಯ ಕೊಕ್ಕು ಮಾದರಿ ಅಂತ ಚಂದದ ಸ್ಲೈಡ್ ಬರುತ್ತದೆ. ರೈಲು ಸುರಂಗಕ್ಕೆ ನುಗ್ಗುವಾಗ ಏಳುವ ಒತ್ತಡದ ಅಲೆಯ ಲೆಕ್ಕ ಎಲ್ಲಿ ಅಂದರೆ ಇಡೀ ತಂಡ ಪಕ್ಕದವರ ಮುಖ ನೋಡುತ್ತದೆ. ಅದಕ್ಕೇ ನಾನು ಮಾದರಿಯ ಅಂದಕ್ಕೆ ಅಂಕ ಕೊಡುವುದಿಲ್ಲ. ಕೊಳವೆ ಜೋಡಿಸುವ ಮುಂಚೆ ಲೆಕ್ಕದ ಹಾಳೆ ನನ್ನ ಕೈಗೆ ಬರಬೇಕು. ಅಳತೆ ಮಾಡಿದ್ದು ಆ ಲೆಕ್ಕಕ್ಕಿಂತ ಯಾಕೆ ಬೇರೆ ಬಂತು ಅಂತ ವಿವರಿಸಿದವರಿಗೇ ಹೆಚ್ಚು ಅಂಕ.

ಒಂದು ಮಾತು ಒಪ್ಪಲೇಬೇಕು. ಲೆಕ್ಕದಲ್ಲಿ ನಮ್ಮ ಕಡೆಯ ಮಕ್ಕಳ ಕೈ ಪಳಗಿರುತ್ತದೆ. ಇಲ್ಲಿನವರು ತಿಣುಕಾಡುವ ಇಂಟಿಗ್ರೇಷನ್ನನ್ನು ಅವರು ನೋಡನೋಡುತ್ತಲೇ ಮುಗಿಸುತ್ತಾರೆ. ಅದು ಅಭ್ಯಾಸದಿಂದ ಬಂದದ್ದು, ಪ್ರಾಜೆಕ್ಟಿನಿಂದ ಬರುವುದಿಲ್ಲ. ಹಾಗಾಗಿ ಊರಿನ ಸಿಲಬಸ್ಸನ್ನೇ ತಲೆಕೆಳಗು ಮಾಡಿ ಅನ್ನುತ್ತಿಲ್ಲ. ಎಲ್ಲರೂ ಒಬ್ಬನದನ್ನು ನೋಡಿ ಬರೆಯುವ ಅಸೈನ್‌ಮೆಂಟ್‌ಗಳಲ್ಲಿ ಒಂದನ್ನು ತೆಗೆದು ಈ ಕವಲಿನ ಕೆಲಸ ಕೊಡಿ. ಒಂದು ಸಣ್ಣ ಪಂಪು, ಪ್ಲಾಸ್ಟಿಕ್ ಕೊಳವೆ, ಬಕೆಟ್ಟು, ಫೋನಿನ ಸ್ಟಾಪ್‌ವಾಚ್ ಇದ್ದರೆ ಶುರು ಮಾಡಬಹುದು.