ಉದ್ಯಮಿಯ ಕಾದಂಬರಿಗೆ ಉದ್ಯಮಿಯೇ ನಾಯಕನಾಗಬೇಕೆ?

ಪರ: ಮಾಲೀಕನ ಪಕ್ಕ ಕೂರದೆ ಕಥೆ ಸಾಗದು

ಆಂಡ್ರ್ಯೂ ಕಾರ್ನೆಗಿಯಂಥವರ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯಹೊರಟವರು ಬಡತನಕ್ಕೆ ಧಾರಾಳವಾಗಿ ಪುಟ ಕೊಡುತ್ತಾರೆ: 1848ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ನೇಕಾರನ ಮಗ, ಹತ್ತಿಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿ. ಇನ್ನೊಂದು ಅಧ್ಯಾಯ ದಾಟುವಷ್ಟರಲ್ಲಿ ಆತ ಉಕ್ಕಿನ ದೊರೆ. ನಡುವೆ ಏನಾಯಿತು? ಅದೇ ತಾನೆ ಕಥೆ!

1873ನ್ನೇ ತೆಗೆದುಕೊಳ್ಳಿ. ಪಿಟ್ಸ್‌ಬರ್ಗ್ ಬಳಿಯ ಬ್ರಾಡಕ್‌ನಲ್ಲಿ ಕಾರ್ನೆಗಿಯ ರೈಲುಹಳಿ ಕಾರ್ಖಾನೆ ಏಳುತ್ತಿರುವಾಗಲೇ ಜೇ ಕುಕ್ ಬ್ಯಾಂಕು ಮುಳುಗಿ ದೇಶವೆಲ್ಲ ತತ್ತರಿಸಿತು. ಹುಡುಗನನ್ನು ತಂತಿ ಕಚೇರಿಯಿಂದ ರೈಲ್ವೆಗೆ ಕರೆತಂದು ಬೆಳೆಸಿದ ಟಾಮ್ ಸ್ಕಾಟ್, ತನ್ನ ಟೆಕ್ಸಾಸ್ ರೈಲುಮಾರ್ಗದ ಸಾಲಕ್ಕೆ ಜಾಮೀನು ಹಾಕೆಂದು ಕೇಳಿದ. ಕಾರ್ನೆಗಿ ಹಾಕಲಿಲ್ಲ. ಹಾಕಿದ್ದರೆ ಕಾರ್ಖಾನೆಯೂ ಆ ಸಾಲದ ಸುಳಿಗೆ ಬೀಳಬಹುದಿತ್ತು. ಕೃತಘ್ನತೆಯೋ, ವ್ಯವಹಾರಜ್ಞಾನವೋ? ಆ ಹೊತ್ತಿನ ಇಕ್ಕಟ್ಟು ಹೊರಗೆ ನಿಂತ ಪಾತ್ರಕ್ಕೆ ದಕ್ಕದು. (ಕಾರ್ಖಾನೆಗೆ ಇಟ್ಟ ಹೆಸರಾದರೂ ಯಾರದು? ಹಳಿ ಕೊಳ್ಳಬೇಕಾಗಿದ್ದ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷ ಎಡ್ಗರ್ ಥಾಮ್ಸನ್‌ನದು.)

1875ರಲ್ಲಿ ಮೊದಲ ಹಳಿ ಹೊರಬಂತು. ಗೆಲ್ಲಿಸಿದ್ದು ರೈಲ್ವೆಯಲ್ಲಿ ಕಲಿತ ಲೆಕ್ಕ. ಆಗಿನ ಬಹುಪಾಲು ಉಕ್ಕಿನ ಕಾರ್ಖಾನೆಗಳಿಗೆ ವರ್ಷದ ಕೊನೆಗೆ ದಾಸ್ತಾನು ಎಣಿಸಿದಾಗಲೇ ಲಾಭನಷ್ಟ ತಿಳಿಯುತ್ತಿತ್ತು. ಇಲ್ಲಿ ಅದಿರು, ಕೋಕ್, ಸುಣ್ಣಕಲ್ಲು, ಕೂಲಿ ಪ್ರತಿಯೊಂದೂ ಟನ್ನಿಗೆ ಎಷ್ಟು ಬಿತ್ತೆಂದು ವಿಭಾಗವಾರು ಹಾಳೆ ತಯಾರಾಗುತ್ತಿತ್ತು. ಕುಲುಮೆಗೆ ಬಿರುಸಾಗಿ ಗಾಳಿ ಊದಿದರೆ ಒಳಗಿನ ಇಟ್ಟಿಗೆ ಬೇಗ ಸವೆಯುತ್ತದೆ. ಸವೆಯಲಿ, ಹೊಸದಾಗಿ ಕಟ್ಟಿಸುವ ಖರ್ಚಿಗಿಂತ ಹೆಚ್ಚಿಗೆ ಇಳಿಸಿಕೊಂಡ ಕಬ್ಬಿಣದ ಲಾಭವೇ ದೊಡ್ಡದು ಎನ್ನುವ ಧೈರ್ಯ ಆ ಹಾಳೆಯಿಂದ ಬಂದದ್ದು. ನಾಯಕನ ಕಣ್ಣಲ್ಲಿ ಕಿಡಿ ಹಾರಿಸುವ ಲೇಖಕರು ಅವನಿಗೆ ಈ ಹಾಳೆ ಓದಿಸಲಿ, ಮಹತ್ವಾಕಾಂಕ್ಷೆ ತಾನೇ ಕಾಣುತ್ತದೆ.

ವಿರೋಧ: ಆ ಮೇಜಿನಿಂದ ಕುಲುಮೆ ಕಾಣದು

ಹಾಳೆಯಲ್ಲಿ ಕೂಲಿ ಒಂದು ಅಂಕಣ ಅಷ್ಟೆ. ಕಬ್ಬಿಣವನ್ನು ಉಕ್ಕಾಗಿಸುವ ಬೆಸೆಮರ್ ಪಾತ್ರೆಯ ಮುಂದೆ ನಿಂತವರ ಕೆಲಸ ನೋಡಿ. ಕರಗಿದ ಬೀಡುಕಬ್ಬಿಣ ಸುರಿದು ತಳದಿಂದ ಗಾಳಿ ಊದಿದರೆ ಸುಮಾರು 15 ನಿಮಿಷದಲ್ಲಿ ಇಂಗಾಲ ಉರಿದುಹೋಗುತ್ತದೆ. ಯಾವಾಗ ನಿಲ್ಲಿಸಬೇಕೆಂದು ಗಡಿಯಾರ ಹೇಳದು, ಜ್ವಾಲೆ ಹೇಳಬೇಕು: ಕಣ್ಣು ಕೋರೈಸುವಂತೆ ಬೆಳ್ಳಗೆ ಉರಿಯುತ್ತಿದ್ದದ್ದು ದಿಢೀರನೆ ಕುಸಿಯುತ್ತದೆ. ಮೊದಲೇ ನಿಲ್ಲಿಸಿದರೆ ಇಂಗಾಲ ಉಳಿದು ಉಕ್ಕು ಗಡುಸಾಗುತ್ತದೆ. ತಡವಾದರೆ ಕಬ್ಬಿಣಕ್ಕೇ ಆಮ್ಲಜನಕ ಹತ್ತಿ, ಉರುಳೆಗೆ ಕೊಟ್ಟಾಗ ಬಿರಿಯುತ್ತದೆ. ಆಮೇಲೆ ಮ್ಯಾಂಗನೀಸ್ ಸೇರಿದ ಕಬ್ಬಿಣ ಬೆರೆಸಿ ಹದ ಸರಿಪಡಿಸಬೇಕು. ಹಳಿಯ ಹಣೆಬರಹ ಬರೆಯುತ್ತಿದ್ದದ್ದು ಈ ಕಣ್ಣುಗಳು. ಮಾಲೀಕನೇ ನಾಯಕನಾದ ಪುಸ್ತಕದಲ್ಲಿ ಇವರು ಹೊಗೆಯ ಜೊತೆ ಹಿನ್ನೆಲೆಗೆ ಸರಿಯುತ್ತಾರೆ.

ಬ್ರಾಡಕ್‌ನ ಮೇಲ್ವಿಚಾರಕ ಬಿಲ್ ಜೋನ್ಸ್ ವಾದ ಮಾಡಿ 8 ಗಂಟೆಯ ಪಾಳಿ ತಂದಿದ್ದ. 1880ರ ದಶಕ ಮುಗಿಯುವ ಮುನ್ನ ಅದು ಮತ್ತೆ 12 ಗಂಟೆಯಾಯಿತು. 1889ರಲ್ಲಿ ಕುಲುಮೆ ಸಿಡಿದು ಜೋನ್ಸ್ ಸತ್ತ. ಪ್ರಗತಿ ಎಂದು ಬರೆಯುವಾಗ ಈ ಸಾಲುಗಳನ್ನು ಯಾವ ಅಧ್ಯಾಯಕ್ಕೆ ಸೇರಿಸುತ್ತೀರಿ?

ಕಾರ್ನೆಗಿಯ ಇನ್ನೊಂದು ಕಾರ್ಖಾನೆಯಿದ್ದ ಹೋಮ್‌ಸ್ಟೆಡ್‌ನಲ್ಲಂತೂ ತೊಡಕು ಇನ್ನೂ ದೊಡ್ಡದು. ಅಲ್ಲಿ ಕಾರ್ಮಿಕ ಸಂಘದವರ ಕೂಲಿ ಉಕ್ಕಿನ ಬೆಲೆಯ ಜೊತೆ ಏರಿಳಿಯುತ್ತಿತ್ತು. ಬೆಲೆ ಎಷ್ಟೇ ಬೀಳಲಿ, ಕೂಲಿಯ ಲೆಕ್ಕಕ್ಕೆ ಹಿಡಿಯುವ ಬೆಲೆ ಮಾತ್ರ ಟನ್ನಿಗೆ 25 ಡಾಲರಿನಿಂದ ಕೆಳಗಿಳಿಯಬಾರದೆಂಬ ಒಪ್ಪಂದವಿತ್ತು. 1892ರಲ್ಲಿ ಕಂಪನಿ 22 ಎಂದಿತು, ಆಮೇಲೆ 23. ಸಂಘ 24ಕ್ಕೆ ಇಳಿದು ನಿಂತಿತು. ಒಂದೇ ಡಾಲರಿನ ಅಂತರ ಎನಿಸಬಹುದು, ಆದರೆ ಸಂಘವೇ ಇರಬಾರದೆಂಬುದು ಕಾರ್ನೆಗಿಯ ಪರವಾಗಿ ಕಂಪನಿ ನಡೆಸುತ್ತಿದ್ದ ಫ್ರಿಕ್‌ನ ಹಟ. ಜುಲೈ 6ರ ಮುಂಜಾವು ಎರಡು ದೋಣಿಗಳಲ್ಲಿ ಕಂಪನಿ ಕರೆಸಿದ ಪಿಂಕರ್ಟನ್ ಸಂಸ್ಥೆಯ ಸುಮಾರು 300 ಕಾವಲುಗಾರರು ಬಂದರು. ಗುಂಡು ಹಾರಿ ಎರಡೂ ಕಡೆ ಹೆಣ ಬಿದ್ದವು.

ಕಾರ್ನೆಗಿ ಅಂದು ಸ್ಕಾಟ್ಲೆಂಡಿನಲ್ಲಿದ್ದ. ಮಾಲೀಕನ ಪಕ್ಕ ಕೂತ ಲೇಖಕ ಆ ದಿನವನ್ನು ತಂತಿ ಓದುವ ದೃಶ್ಯದಲ್ಲಿ ಮುಗಿಸಬೇಕು. ಸ್ಕಾಟ್ ಪ್ರಸಂಗ ಸೊಗಸಾದದ್ದೇ, ಒಪ್ಪೋಣ. ಆದರೆ ಟನ್ನಿನ ಲೆಕ್ಕವೇ ಬೇಕಿದ್ದರೆ ಹೋಮ್‌ಸ್ಟೆಡ್‌ನಲ್ಲಿ ಆ ಹಾಳೆ ತುಂಬುವ ಗುಮಾಸ್ತನನ್ನು ನಿರೂಪಕನಾಗಿ ಮಾಡಿ. ಬೆಳಗ್ಗೆ ಕುಲುಮೆಯ ಬಳಿ ಅಂಕಿ ಬರೆದುಕೊಂಡು ಸಂಜೆ ಕಚೇರಿಗೆ ಒಪ್ಪಿಸುವವನಿಗೆ ನದಿದಂಡೆಯ ಗುಂಡಿನ ಸದ್ದೂ ಕೇಳಿಸುತ್ತದೆ.